ಟಗರಿನ ಆಯ್ಕೆಗೆ ಕಣ್ಣು ಸಾಲದು, ಪುಸ್ತಕ ಬೇಕು

ನಮ್ಮ ಚಳ್ಳಕೆರೆ ಸೀಮೆಯಲ್ಲಿ ಮಳೆ ನಂಬಿ ಶೇಂಗಾ ಬಿತ್ತುವವನಿಗೆ ಕುರಿಯೇ ಬ್ಯಾಂಕು. ಶೇಂಗಾ ಕೈಕೊಟ್ಟ ವರ್ಷ ಮಕ್ಕಳ ಫೀಸು, ಆಸ್ಪತ್ರೆ ಖರ್ಚು, ಮನೆಯ ಮದುವೆ ಎಲ್ಲಕ್ಕೂ ದೊಡ್ಡಿಯಿಂದ ಎರಡೋ ನಾಲ್ಕೋ ಟಗರುಮರಿ ಹೊರಗೆ ಹೋಗಬೇಕು. ಹಾಗೆ ಹೋಗುವ ಮರಿ ಯಾವುದು? ಹಿಂಡಿನಲ್ಲಿ ಎಲ್ಲಕ್ಕಿಂತ ದಪ್ಪ ಇರುವುದು. ವ್ಯಾಪಾರಿ ದೊಡ್ಡಿಗೆ ಕಾಲಿಟ್ಟ ಕೂಡಲೇ ಕೈ ಹಾಕುವುದು ಅದರ ಸೊಂಟಕ್ಕೆ. ಬಕ್ರೀದ್ ಹತ್ತಿರ ಬಂತೆಂದರೆ ಕೇಳುವುದೇ ಬೇಡ. ಕಡೆಗೆ ಉಳಿಯುವುದು ಬೆನ್ನುಮೂಳೆ ಎಣಿಸಬಹುದಾದ, ಯಾರೂ ಬೆಲೆ ಕಟ್ಟದ ಮರಿ. ಮುಂದಿನ ವರ್ಷ ಹಿಂಡಿಗೆಲ್ಲ ಅದೇ ಟಗರು.

‘ಕುರಿ ಮೊದಲಿನಂಗಿಲ್ಲ, ಜಾತಿನೇ ಕೆಟ್ಟೋಗೈತೆ’ ಎಂಬ ಮಾತು ಈಗ ಪ್ರತಿ ಹಟ್ಟಿಯಲ್ಲೂ ಇದೆ. ಜಾತಿ ತಾನಾಗಿ ಕೆಡುವುದಿಲ್ಲ. ಗಟ್ಟಿ ಕಾಳು ಮಾರಿ ಜೊಳ್ಳು ಬಿತ್ತಿದರೆ ಬೆಳೆ ಹೇಗೆ ಬರುತ್ತದೆ? ಕುರಿಯ ಕತೆಯೂ ಅಷ್ಟೇ. ಶೇಂಗಾ ಬೀಜಕ್ಕಾದರೆ ಕಾಯಿ ಆರಿಸುತ್ತೇವೆ, ಜೋಳಕ್ಕೆ ತೆನೆ ಆರಿಸುತ್ತೇವೆ. ಕುರಿಯಲ್ಲಿ ಮಾತ್ರ ಆರಿಸುವ ಕೆಲಸವನ್ನು ವ್ಯಾಪಾರಿಗೆ ಬಿಟ್ಟಿದ್ದೇವೆ. ಅವನು ಆರಿಸುವುದು ಕತ್ತಿಗೆ.

ನಾನು ಓದಿದ್ದು ಏಳನೇ ಕ್ಲಾಸು. ಇರುವುದು ಖುಷ್ಕಿ ಜಮೀನು, ನಲವತ್ತು ಹೆಣ್ಣು ಕುರಿ. ಕೆಲವು ವರ್ಷಗಳಿಂದ ಕುರಿಗೊಂದು ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು ಇಷ್ಟು ಬಂದರೆ ಸಾಕು, ಯಾರು ಬೇಕಾದರೂ ಇಡಬಹುದು. ಅದನ್ನು ಹೇಗೆ ಇಡುವುದು, ಅದರಿಂದ ಏನು ತಿಳಿಯುತ್ತದೆ ಎಂಬುದನ್ನು ಇಲ್ಲಿ ಬರೆಯುತ್ತೇನೆ.

ಮೊಬೈಲಿನ ಹುಳ ಹೇಳುವ ಪಾಠ

ಇದನ್ನು ಹೇಳಲು ಒಂದು ಆಟದ ಉದಾಹರಣೆ ಸುಲಭ. ನನ್ನ ತಮ್ಮನ ಮಗ ಮೊಬೈಲಿನಲ್ಲಿ ಹುಳ ಸಾಕುವ ಆಟ ಆಡುತ್ತಾನೆ. ಕೊಂಬಿರುವ ಜೀರುಂಡೆಯಂಥ ಹುಳಗಳು. ಗಂಡು ಹೆಣ್ಣು ಕೂಡಿಸಿದರೆ ಮರಿಹುಳ ಬರುತ್ತವೆ. ಒಂದೊಂದಕ್ಕೆ ಒಂದೊಂದು ಅಳತೆಯ ಕೊಂಬು, ಒಂದೊಂದು ಬಣ್ಣ. ಉದ್ದ ಕೊಂಬಿನದನ್ನು ಆರಿಸಿ ಮತ್ತೆ ಕೂಡಿಸಬೇಕು. ಇಷ್ಟೇ ಆಟ. ನನ್ನ ಗಮನ ಹೋದದ್ದು ಹುಳದ ಮೇಲಲ್ಲ, ಅವನು ಪಕ್ಕದಲ್ಲಿ ಇಟ್ಟುಕೊಂಡಿದ್ದ ಪಟ್ಟಿಯ ಮೇಲೆ. ಹುಳದ ನಂಬರು, ಅಪ್ಪನ ನಂಬರು, ಅವ್ವನ ನಂಬರು, ಕೊಂಬಿನ ಅಳತೆ, ಎಷ್ಟನೇ ತಲೆಮಾರು ಎಲ್ಲ ಸಾಲಾಗಿ ಬರೆದಿದ್ದ.

‘ಇದೇನಪ್ಪ, ಶಾನುಭೋಗರ ಖಾತೆ ಇದ್ದಂಗೈತೆ’ ಅಂದೆ.

‘ಬರೀದಿದ್ರೆ ಮೂರು ತಲೆಮಾರಿಗೆ ಎಲ್ಲ ಕಲಸುಮೇಲೋಗರ ಆಗುತ್ತೆ ದೊಡ್ಡಪ್ಪ. ಯಾವುದರಿಂದ ಕೊಂಬು ಬಂತು ಅಂತಲೇ ಗೊತ್ತಾಗಲ್ಲ’ ಅಂದ.

ಹುಡುಗನ ಪಟ್ಟಿಯಲ್ಲಿ ಮೂರು ಕಟ್ಟುನಿಟ್ಟು ಇವೆ. ಒಂದು, ನಂಬರಿಲ್ಲದ ಹುಳ ಇಲ್ಲ. ಎರಡು, ಅಪ್ಪ ಅವ್ವ ಗೊತ್ತಿಲ್ಲದ ಹುಳ ಇಲ್ಲ. ಮೂರು, ಒಳ್ಳೆಯದನ್ನು ಮಾತ್ರ ಅಳೆಯುವುದಿಲ್ಲ, ಮೋಟು ಕೊಂಬಿನದನ್ನೂ ಅಳೆದು ಬರೆಯುತ್ತಾನೆ. ಮೂರನೆಯದು ಮುಖ್ಯ. ಕೆಟ್ಟದ್ದನ್ನು ಬರೆಯದಿದ್ದರೆ ಸರಾಸರಿ ಸಿಗುವುದಿಲ್ಲ. ಸರಾಸರಿ ಇಲ್ಲದೆ ‘ಒಳ್ಳೆಯದು’ ಎಂಬ ಮಾತಿಗೆ ತೂಕವಿಲ್ಲ.

ಆಟಕ್ಕೂ ಹಟ್ಟಿಗೂ ಇರುವ ವ್ಯತ್ಯಾಸ

ಆದರೆ ಆಟದ ಲೆಕ್ಕವನ್ನು ಹಾಗೇ ಎತ್ತಿ ದೊಡ್ಡಿಗೆ ತರಲು ಬರುವುದಿಲ್ಲ. ಆ ಆಟದಲ್ಲಿ ಎಲ್ಲ ಹುಳಕ್ಕೂ ಒಂದೇ ಮೇವು, ಒಂದೇ ಹವೆ. ಬರ ಇಲ್ಲ, ತೋಳ ಇಲ್ಲ, ನೀಲಿನಾಲಿಗೆ ಬೇನೆ ಇಲ್ಲ. ಹಾಗಾಗಿ ಕೊಂಬು ಉದ್ದ ಇದ್ದರೆ ಅದು ರಕ್ತದ ಗುಣವೇ. ನಮ್ಮ ಮರಿ ದಪ್ಪ ಇದ್ದರೆ ಅದು ರಕ್ತವೋ, ಅವ್ವನ ಹಾಲೋ, ಒಂಟಿಯಾಗಿ ಹುಟ್ಟಿದ್ದಕ್ಕೋ, ಇಪ್ಪತ್ತು ದಿನ ಮೊದಲು ಹುಟ್ಟಿದ್ದಕ್ಕೋ, ಮನೆಯಾಕೆ ಕದ್ದು ಹಾಕಿದ ಹುರುಳಿ ನುಚ್ಚಿಗೋ ಹೇಳುವುದು ಕಷ್ಟ.

ಜಪಾನಿನಲ್ಲಿ ನಿಜವಾದ ಜೀರುಂಡೆಯನ್ನೇ ಮನೆಯಲ್ಲಿ ಸಾಕಿ ತಳಿ ಮಾಡುವವರು ಬಹಳ ಮಂದಿ ಇದ್ದಾರೆ. ಇಕ್ಕಳದಂಥ ಬಾಯಿಯ ಅಲ್ಲಿನ ಒಂದು ದೊಡ್ಡ ಹುಳವನ್ನು ತಲೆಮಾರಿನ ಲೆಕ್ಕ ಇಟ್ಟು, ಆರಿಸಿ ಆರಿಸಿ 90 ಮಿಲಿಮೀಟರ್ ದಾಟಿಸಿದ್ದಾರೆ. ಅವರು ಮರಿಹುಳ ಇನ್ನೂ ಹುಳುವಾಗಿರುವಾಗಲೇ ಮೇವಿನ ಬಾಟಲಿ ಬದಲಿಸುವ ದಿನ ತೂಕ ಮಾಡಿ ಬರೆದಿಡುತ್ತಾರೆ. ಮೇವು ಮತ್ತು ಕೋಣೆಯ ಬಿಸಿ ಬದಲಾದರೆ ಅದೇ ರಕ್ತದ ಹುಳವೂ ಸಣ್ಣದಾಗುತ್ತದೆ ಎಂದು ಅವರಿಗೆ ಗೊತ್ತು. ಅದಕ್ಕೇ ಎಲ್ಲ ಬಾಟಲಿಯನ್ನೂ ಒಂದೇ ಹದದಲ್ಲಿ ಇಡುತ್ತಾರೆ. ನಮಗೆ ಅದು ಸಾಧ್ಯವಿಲ್ಲ. ನಮ್ಮ ಬಾಟಲಿ ಅಂದರೆ ಕರಡದ ಕಾವಲು, ಅದರ ಮೇಲೆ ಆಕಾಶ. ಆದ್ದರಿಂದ ನಾವು ಹದ ಒಂದೇ ಮಾಡುವ ಬದಲು ಲೆಕ್ಕವನ್ನು ಹದಕ್ಕೆ ತರಬೇಕು. ಪುಸ್ತಕ ಇರುವುದು ಅದಕ್ಕೆ.

ಪುಸ್ತಕ ಹೇಗಿರಬೇಕು

200 ಪುಟದ ಶಾಲೆ ನೋಟುಬುಕ್ಕು ಸಾಕು. ಹೆಣ್ಣು ಕುರಿ ಒಂದಕ್ಕೆ ಒಂದು ಪುಟ. ಪುಟದ ತಲೆಯಲ್ಲಿ ಕುರಿಯ ನಂಬರು, ಹುಟ್ಟಿದ ತಿಂಗಳು, ಅದರ ಅಪ್ಪ ಅವ್ವನ ನಂಬರು. ಕೊಂಡು ತಂದ ಕುರಿಯಾದರೆ ಹಲ್ಲು ನೋಡಿ ವಯಸ್ಸು ಬರೆಯುವುದು. ಕೆಳಗೆ ಪ್ರತಿ ಈದಕ್ಕೆ ಒಂದು ಸಾಲು:

1. ಈದ ತಾರೀಖು
2. ಮರಿ ಒಂಟಿಯೋ ಅವಳಿಯೋ, ಗಂಡೋ ಹೆಣ್ಣೋ
3. ಮರಿಯ ನಂಬರು
4. ಅಪ್ಪ ಟಗರಿನ ನಂಬರು
5. ಹುಟ್ಟಿದ ದಿನದ ತೂಕ
6. ಮೂರು ತಿಂಗಳ ಹೊತ್ತಿನ ತೂಕ, ತೂಗಿದ ತಾರೀಖು
7. ಷರಾ: ಸತ್ತರೆ ಯಾವ ಕಾರಣಕ್ಕೆ, ಕಂದು ಹಾಕಿದರೆ ಅದು, ಅವ್ವ ಮರಿಯನ್ನು ಒದ್ದು ಓಡಿಸಿದರೆ ಅದು

ಕಿವಿಗೆ ಹಾಕುವ ಪ್ಲಾಸ್ಟಿಕ್ ಬಿಲ್ಲೆ ಸಿಗುತ್ತದೆ. ಜಾಲಿ ಮುಳ್ಳಿಗೆ ಸಿಕ್ಕಿ ಬಿಲ್ಲೆ ಕಿತ್ತುಹೋಗುವುದುಂಟು. ಕಿತ್ತುಹೋದರೆ ಗುರುತು ಸಿಗಲಿ ಎಂದು ಕಿವಿಯಲ್ಲಿ ಕಚ್ಚು ಹಾಕುವ ನಮ್ಮ ಹಳೆ ಪದ್ಧತಿಯನ್ನೂ ಬಿಡಬಾರದು. ನಾನು ಒಂದೊಂದು ಟಗರಿನ ಮಕ್ಕಳಿಗೆ ಒಂದೊಂದು ಜಾಗದಲ್ಲಿ ಕಚ್ಚು ಹಾಕುತ್ತೇನೆ. ದೂರದಿಂದ ನೋಡಿದರೂ ಇದು ಯಾರ ಮಗಳು ಎಂದು ತಿಳಿಯುತ್ತದೆ.

ತೂಕಕ್ಕೆ 50 ಕಿಲೋ ಸ್ಪ್ರಿಂಗ್ ತಕ್ಕಡಿ ಸಾಕು. ಬೇವಿನ ಕೊಂಬೆಗೆ ಕಟ್ಟಿ, ಗೋಣಿಚೀಲಕ್ಕೆ ನಾಲ್ಕು ಕಾಲಿನ ತೂತು ಮಾಡಿ ತೊಟ್ಟಿಲಿನಂತೆ ತೂಗುಹಾಕಿದರೆ ಮರಿ ಒದ್ದಾಡುವುದಿಲ್ಲ. ಹುಟ್ಟಿದ ಮರಿಗೆ ಸಣ್ಣ ತಕ್ಕಡಿ ಬೇಕು, ದೊಡ್ಡದರಲ್ಲಿ ಅರ್ಧ ಕಿಲೋ ಹೆಚ್ಚುಕಡಿಮೆ ಗೊತ್ತಾಗುವುದಿಲ್ಲ. ತೂಕ ಯಾವಾಗಲೂ ಬೆಳಿಗ್ಗೆ, ಮೇಯಲು ಬಿಡುವ ಮೊದಲು. ಹೊಟ್ಟೆ ತುಂಬಿದ ಮೇಲೆ ತೂಗಿದರೆ ನೀವು ತೂಗುವುದು ಹುಲ್ಲು ನೀರನ್ನು.

ಅಪ್ಪ ಯಾರು?

ಎಲ್ಲರ ಪುಸ್ತಕವೂ ಮುಗ್ಗರಿಸುವುದು ಇಲ್ಲೇ. ಅವ್ವ ಯಾರು ಎಂದು ಕಣ್ಣಿಗೆ ಕಾಣುತ್ತದೆ, ಅಪ್ಪ ಕಾಣುವುದಿಲ್ಲ. ಕಾವಲಿನಲ್ಲಿ ನಾಲ್ಕು ಹಟ್ಟಿಯ ಕುರಿ ಒಟ್ಟಿಗೆ ಮೇಯುತ್ತವೆ. ಯಾರದೋ ಟಗರು, ಯಾರದೋ ಕುರಿ. ಇದಕ್ಕೆ ಎರಡು ದಾರಿ.

ಮೊದಲನೆಯದು, ಬೇಡದ ಗಂಡುಗಳನ್ನು ಹೊತ್ತಿಗೆ ಸರಿಯಾಗಿ ತೆಗೆಯುವುದು. ಗಂಡು ಮರಿ ಐದಾರು ತಿಂಗಳಿಗೇ ಹಾರಲು ಶುರುಮಾಡುತ್ತದೆ. ಅಷ್ಟರೊಳಗೆ ಮಾರಬೇಕು, ಇಲ್ಲ ಬೀಜ ಒಡೆಸಬೇಕು, ಇಲ್ಲ ಬೇರೆ ಕಟ್ಟಬೇಕು. ಇಟ್ಟುಕೊಂಡ ಟಗರನ್ನು ಹಗಲು ಮನೆಯಲ್ಲೇ ಕಟ್ಟಿ ಮೇಯಿಸಿ, ರಾತ್ರಿ ದೊಡ್ಡಿಯಲ್ಲಿ ಬಿಡುವುದು. ಪಕ್ಕದ ಹಟ್ಟಿಯವರೂ ಹೀಗೇ ಮಾಡಲು ಒಪ್ಪಿದರೆ ಕೆಲಸ ಅರ್ಧ ಮುಗಿದಂತೆ.

ಎರಡನೆಯದು ಕೆಮ್ಮಣ್ಣಿನ ಉಪಾಯ. ಕೆಮ್ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಟಗರಿನ ಎದೆಯ ಕೆಳಗೆ ದಪ್ಪಗೆ ಬಳಿಯುವುದು. ಅದು ಹಾರಿದ ಕುರಿಯ ಬಾಲದ ಮೇಲ್ಗಡೆ ಕೆಂಪು ಹತ್ತಿರುತ್ತದೆ. ಬೆಳಿಗ್ಗೆ ದೊಡ್ಡಿ ಬಾಗಿಲಲ್ಲಿ ನಿಂತು ನೋಡಿ ಬರೆದುಕೊಂಡರಾಯಿತು. ನಮ್ಮ ಕರಿ ಕುರಿಯ ಮೇಲೆ ಕೆಂಪು ಸರಿಯಾಗಿ ಕಾಣದಿದ್ದರೆ ಸುಣ್ಣದ ಪುಡಿ ಬೇಡ, ಚರ್ಮ ಸುಡುತ್ತದೆ. ಹಳದಿ ಬಣ್ಣದ ಮಣ್ಣು ಬಳಸಿ. ಕುರಿ ಬೆದೆಗೆ ಬರುವುದು ಸುಮಾರು 17 ದಿನಕ್ಕೊಮ್ಮೆ. 17 ದಿನ ಆದ ಮೇಲೆ ಬಣ್ಣ ಬದಲಿಸಿ. ಹೊಸ ಬಣ್ಣವೂ ಹತ್ತಿದರೆ ಮೊದಲ ಸಲ ಗಬ್ಬ ನಿಂತಿಲ್ಲ ಎಂದು ಅರ್ಥ. ಹಿಂಡಿನ ಬಹಳ ಕುರಿಗಳಿಗೆ ಮತ್ತೆ ಮತ್ತೆ ಬಣ್ಣ ಹತ್ತಿದರೆ ಟಗರಿನಲ್ಲೇ ದೋಷ ಇರಬಹುದು, ಪಶುವೈದ್ಯರಿಗೆ ತೋರಿಸಬೇಕು. ಹಾರಿದ ತಾರೀಖು ಗೊತ್ತಿದ್ದರೆ 150 ದಿನ ಕೂಡಿಸಿ ಈಯುವ ಹೊತ್ತನ್ನೂ ಹೇಳಬಹುದು. ಎರಡು ಮೂರು ದಿನ ಹಿಂದೆಮುಂದೆ, ಅಷ್ಟೇ.

ದಪ್ಪ ಮರಿ ಯಾವುದು? ಲೆಕ್ಕ ಹೇಳಲಿ

ಉದಾಹರಣೆಗೆ ಎರಡು ಮರಿ ತೆಗೆದುಕೊಳ್ಳಿ. ಒಂದೇ ದಿನ ಎರಡನ್ನೂ ತೂಗಿದ್ದೇವೆ.

ಮೊದಲ ಮರಿ: ಹುಟ್ಟಿದಾಗ 2.8 ಕಿಲೋ, ಈಗ 100 ದಿನ, ತೂಕ 16 ಕಿಲೋ.
ಎರಡನೇ ಮರಿ: ಹುಟ್ಟಿದಾಗ 2.5 ಕಿಲೋ, ಈಗ 78 ದಿನ, ತೂಕ 13.9 ಕಿಲೋ.

ಕಣ್ಣಿಗೆ ಮೊದಲನೆಯದೇ ದೊಡ್ಡದು. ವ್ಯಾಪಾರಿಯೂ ಅದಕ್ಕೇ ಎರಡು ಕಾಸು ಹೆಚ್ಚು ಕೊಡುತ್ತಾನೆ. ಆದರೆ ಎರಡನ್ನೂ 90 ದಿನದ ಲೆಕ್ಕಕ್ಕೆ ತಂದು ನೋಡಿ.

ಮೊದಲನೆಯದು ಬೆಳೆದದ್ದು 16ರಲ್ಲಿ 2.8 ಕಳೆದರೆ 13.2 ಕಿಲೋ. 100 ದಿನಕ್ಕೆ ಭಾಗಿಸಿದರೆ ದಿನಕ್ಕೆ 132 ಗ್ರಾಂ. 90 ದಿನಕ್ಕೆ 11.9 ಕಿಲೋ. ಹುಟ್ಟಿದ ತೂಕ ಕೂಡಿಸಿದರೆ 14.7 ಕಿಲೋ.

ಎರಡನೆಯದು ಬೆಳೆದದ್ದು 13.9ರಲ್ಲಿ 2.5 ಕಳೆದರೆ 11.4 ಕಿಲೋ. 78 ದಿನಕ್ಕೆ ಭಾಗಿಸಿದರೆ ದಿನಕ್ಕೆ 146 ಗ್ರಾಂ. 90 ದಿನಕ್ಕೆ 13.1 ಕಿಲೋ. ಹುಟ್ಟಿದ ತೂಕ ಕೂಡಿಸಿದರೆ 15.6 ಕಿಲೋ.

ಸಣ್ಣದಾಗಿ ಕಾಣುವ ಮರಿಯೇ ಸುಮಾರು ಒಂದು ಕಿಲೋ ಮುಂದೆ ಇದೆ! ಕಣ್ಣು ನಂಬಿದವನು ಇದನ್ನು ಮಾರಿ ಅದನ್ನು ಇಟ್ಟುಕೊಳ್ಳುತ್ತಿದ್ದ.

ಇನ್ನೂ ಒಂದು ಜರಡಿ ಇದೆ. ಅವಳಿ ಮರಿಗೆ ಸಿಕ್ಕಿದ್ದು ಅರ್ಧ ಹಾಲು, ಅದನ್ನು ಒಂಟಿ ಮರಿಯ ಜೊತೆ ತೂಗಬಾರದು. ಚೊಚ್ಚಲ ಕುರಿಯ ಮರಿಯನ್ನು ಮೂರು ನಾಲ್ಕು ಈದ ಕುರಿಯ ಮರಿಯ ಜೊತೆ ಹೋಲಿಸಬಾರದು. ಕಾರ್ತಿಕದಲ್ಲಿ ಶೇಂಗಾ ಹೊಟ್ಟು ಇರುವಾಗ ಹುಟ್ಟಿದ್ದನ್ನು ಬೇಸಿಗೆಯಲ್ಲಿ ಹುಟ್ಟಿದ್ದರ ಜೊತೆ ಹೋಲಿಸಬಾರದು. ಗಂಡನ್ನು ಗಂಡಿನ ಜೊತೆ, ಹೆಣ್ಣನ್ನು ಹೆಣ್ಣಿನ ಜೊತೆ. ಪ್ರತಿ ಗುಂಪಿಗೂ ಒಂದು ಸರಾಸರಿ ತೆಗೆದು, ಮರಿ ತನ್ನ ಗುಂಪಿನ ಸರಾಸರಿಗಿಂತ ಎಷ್ಟು ಮೇಲೆ ಅಥವಾ ಎಷ್ಟು ಕೆಳಗೆ ಇದೆ ಎಂದು ಬರೆದುಕೊಂಡರೆ ಆಯಿತು. ಆ ಒಂದು ಅಂಕಿಯೇ ಅದರ ಅಂತಸ್ತು.

ಅವ್ವನ ಪುಟ

ಟಗರಿಗೆ ಹಾಲಿಲ್ಲ, ಅದು ಈಯುವುದೂ ಇಲ್ಲ. ಆದರೆ ತನ್ನ ಹೆಣ್ಣುಮಕ್ಕಳಿಗೆ ಹಾಲಿನ ಗುಣ, ಅವಳಿಯ ಗುಣ ಅದೇ ಸಾಗಿಸುತ್ತದೆ. ಟಗರನ್ನು ಎಷ್ಟು ಸುತ್ತು ಹಾಕಿ ನೋಡಿದರೂ ಇದು ಕಾಣುವುದಿಲ್ಲ. ಅದರ ಅವ್ವನ ಪುಟ ತೆಗೆದು ನೋಡಬೇಕು. ಮೈಕಟ್ಟು ನೋಡಿ ಟಗರು ತರುವವರು ಬಹಳ ಮಂದಿ, ಅದರ ಅವ್ವ ಎಷ್ಟು ಮರಿ ಸಾಕಿದಳು ಎಂದು ಕೇಳುವವರು ಕಡಿಮೆ.

ಕುರಿಯನ್ನು ಅಳೆಯಲು ನಾನು ಒಂದೇ ಅಂಕಿ ಹಿಡಿದಿದ್ದೇನೆ. ವರ್ಷದಲ್ಲಿ ಅದು ಮೂರು ತಿಂಗಳ ತನಕ ಉಳಿಸಿಕೊಟ್ಟ ಮರಿಗಳ ಒಟ್ಟು ತೂಕ. ಒಂಟಿ ಈದು 16 ಕಿಲೋ ಮರಿ ಕೊಟ್ಟದ್ದಕ್ಕಿಂತ ಅವಳಿ ಈದು 11, 10 ಕಿಲೋದ ಎರಡು ಮರಿ ಕೊಟ್ಟದ್ದು ಮೇಲು, 21 ಕಿಲೋ ಆಯಿತು. ಅವಳಿ ಈದು ಹಾಲಿಲ್ಲದೆ ಎರಡನ್ನೂ ಕಳೆದುಕೊಂಡರೆ ಸೊನ್ನೆ. ಈ ಒಂದು ಅಂಕಿಯಲ್ಲಿ ಗಬ್ಬ ನಿಲ್ಲುವುದು, ಅವಳಿ, ಹಾಲು, ಮರಿ ಮೇಲಿನ ಪ್ರೀತಿ, ಬೇನೆ ತಡೆಯುವ ಶಕ್ತಿ ಎಲ್ಲ ಸೇರಿಕೊಂಡಿವೆ. ವರ್ಷದ ಕಡೆಗೆ ಪುಟ ತಿರುವಿದಾಗ ಕೆಳಗಿನ ಐದಾರು ಕುರಿ ಯಾವುವು ಎಂದು ತಾನಾಗಿ ಕಾಣುತ್ತದೆ. ದುಡ್ಡು ಬೇಕಾದಾಗ ಮಾರಬೇಕಾದವು ಅವು. ಒಂದು ವರ್ಷದ ಲೆಕ್ಕಕ್ಕೇ ಅವಸರಪಡಬೇಡಿ, ಎರಡು ಈದ ನೋಡಿ ತೀರ್ಮಾನ ಮಾಡಿ. ಕುರಿಗೂ ಒಂದು ಕೆಟ್ಟ ವರ್ಷ ಇರುತ್ತದೆ.

ಒಂದೇ ಗುರಿ ಇರಲಿ

ಕೊಂಬು ಸುರುಳಿ ಇರಬೇಕು, ಬಣ್ಣ ಕರಿ ಇರಬೇಕು, ಕಿವಿ ಉದ್ದ ಇರಬೇಕು, ತೂಕವೂ ಬರಬೇಕು ಎಂದು ನಾಲ್ಕನ್ನೂ ಒಟ್ಟಿಗೆ ಹಿಡಿದರೆ ಪ್ರತಿಯೊಂದರಲ್ಲೂ ಮುನ್ನಡೆ ಅರ್ಧಕ್ಕೆ ಇಳಿಯುತ್ತದೆ. ಇದು ತಳಿ ಶಾಸ್ತ್ರದ ಲೆಕ್ಕ. ಒಂದಕ್ಕೊಂದು ಸಂಬಂಧವಿಲ್ಲದ ಗುಣಗಳನ್ನು ಸಮನಾಗಿ ಹಿಡಿದರೆ ನಾಲ್ಕು ಗುಣಕ್ಕೆ ಅರ್ಧ ವೇಗ, ಒಂಬತ್ತು ಗುಣಕ್ಕೆ ಮೂರರಲ್ಲಿ ಒಂದು. ಹುಳದ ಆಟದಲ್ಲೂ ಹುಡುಗ ಮೊದಲು ಕೊಂಬು ಮುಗಿಸಿ ಆಮೇಲೆ ಬಣ್ಣಕ್ಕೆ ಕೈ ಹಾಕುತ್ತಾನೆ. ಕಿವಿಯ ಉದ್ದದಿಂದ ಸಾಲ ತೀರುವುದಿಲ್ಲ.

ಎಷ್ಟು ಸಿಗುತ್ತದೆ?

ಇಷ್ಟೆಲ್ಲ ಬರೆದು ಏನು ಬಂತು ಎಂದು ಕೇಳುವವರಿಗೆ ಈ ಲೆಕ್ಕ.

ಹಿಂಡಿನ ಮೂರು ತಿಂಗಳ ಸರಾಸರಿ 14 ಕಿಲೋ ಎನ್ನೋಣ. ನೀವು ಆರಿಸಿದ ಟಗರು ಅದೇ ವಯಸ್ಸಿಗೆ 18 ಕಿಲೋ ಇತ್ತು. 4 ಕಿಲೋ ಹೆಚ್ಚು. ಈ 4 ಕಿಲೋ ಪೂರ್ತಿ ಮಕ್ಕಳಿಗೆ ಬರುವುದಿಲ್ಲ. ಮರಿಯ ತೂಕದ ಹೆಚ್ಚುಕಡಿಮೆಯಲ್ಲಿ ರಕ್ತದ ಪಾಲು ಹೆಚ್ಚೆಂದರೆ ಕಾಲು ಭಾಗ ಎಂದು ಹಿಡಿಯಬೇಕು, ಉಳಿದದ್ದು ಮೇವು, ಹಾಲು, ಅದೃಷ್ಟ. 4ರ ಕಾಲು ಭಾಗ 1 ಕಿಲೋ. ಮರಿಗೆ ಅಪ್ಪನಿಂದ ಬರುವುದು ಅರ್ಧ, ಅವ್ವನಿಂದ ಅರ್ಧ. ಆದ್ದರಿಂದ ಅಪ್ಪನ ಕಡೆಯಿಂದ ಪ್ರತಿ ಮರಿಗೆ ಅರ್ಧ ಕಿಲೋ.

ಬರೀ ಅರ್ಧ ಕಿಲೋನಾ ಎನ್ನಬೇಡಿ. 30 ಮರಿ ಹುಟ್ಟಿದರೆ 15 ಕಿಲೋ. ಅಂದರೆ ಮೇವು ಹೆಚ್ಚು ಕೊಳ್ಳದೆ, ಔಷಧಿ ಹೆಚ್ಚು ಹಾಕದೆ ವರ್ಷಕ್ಕೆ ಒಂದು ಮರಿಯಷ್ಟು ತೂಕ ಬಿಟ್ಟಿ. ಹಿಂಡಿ ಹಾಕಿ ಬರಿಸಿದ ತೂಕ ಹಿಂಡಿ ನಿಂತರೆ ನಿಲ್ಲುತ್ತದೆ, ರಕ್ತದಲ್ಲಿ ಬಂದದ್ದು ಇಟ್ಟುಕೊಂಡ ಹೆಣ್ಣು ಮರಿಗಳಲ್ಲಿ ಉಳಿಯುತ್ತದೆ. ಮುಂದಿನ ಟಗರು ಅದರ ಮೇಲೆ ಇನ್ನಷ್ಟು ಸೇರಿಸುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ಸರಾಸರಿಗಿಂತ 4 ಕಿಲೋ ಕಡಿಮೆ ಇರುವ, ಯಾರೂ ಕೊಳ್ಳದ ಟಗರನ್ನು ಬಿಟ್ಟರೆ ಅಷ್ಟೇ ನಷ್ಟ, ಅದೂ ರಕ್ತದಲ್ಲಿ ಕೂತುಬಿಡುತ್ತದೆ. ದಪ್ಪ ಮರಿ ಮಾರಿ ಬಂದ ಹೆಚ್ಚಿನ ದುಡ್ಡನ್ನು ಈ ನಷ್ಟದ ಪಕ್ಕ ಇಟ್ಟು ತೂಗಿ ನೋಡಿ.

ಟಗರಿಗೆ ಮಕ್ಕಳೇ ಸಾಕ್ಷಿ

ಇಂಗ್ಲೆಂಡಿನ ಲೆಸ್ಟರ್‌ಶೈರಿನ ಡಿಶ್ಲೆ ಎಂಬಲ್ಲಿ ರಾಬರ್ಟ್ ಬೇಕ್‌ವೆಲ್ (1725–1795) ಎಂಬ ರೈತನಿದ್ದ. ಒಳ್ಳೆ ಟಗರನ್ನು ಅವನು ಮಾರುತ್ತಿರಲಿಲ್ಲ, ಒಂದು ಹಂಗಾಮಿಗೆ ಬಾಡಿಗೆಗೆ ಕೊಡುತ್ತಿದ್ದ. ಬೇರೆ ಬೇರೆ ರೈತರ ಹಿಂಡಿನಲ್ಲಿ ಅದರ ಮಕ್ಕಳು ಹೇಗೆ ಬಂದವು ಎಂದು ನೋಡಿ, ಒಳ್ಳೆಯ ಮಕ್ಕಳನ್ನು ಕೊಟ್ಟ ಟಗರನ್ನು ವಾಪಸು ತನ್ನ ಹಿಂಡಿಗೆ ಬಳಸುತ್ತಿದ್ದ. ಟಗರಿಗೆ ಬಾಡಿಗೆಯೂ ಬಂತು, ಪರೀಕ್ಷೆಯೂ ಆಯಿತು!

ಈ ಪರೀಕ್ಷೆಯ ಬಲ ಎಷ್ಟು ಎಂಬುದಕ್ಕೆ ಇಂದಿನ ಶಾಸ್ತ್ರದಲ್ಲಿ ಲೆಕ್ಕ ಇದೆ. ತೂಕದಲ್ಲಿ ರಕ್ತದ ಪಾಲು ಕಾಲು ಭಾಗ ಇದ್ದಾಗ, ಟಗರಿನ ಸ್ವಂತ ತೂಕ ಎಷ್ಟು ನಂಬಿಕೆ ಕೊಡುತ್ತದೋ ಅದರ 5 ಮರಿಗಳ ಸರಾಸರಿಯೂ ಅಷ್ಟೇ ಕೊಡುತ್ತದೆ. 15 ಮರಿ ತೂಗಿದರೆ ನಂಬಿಕೆ ಅದರ ಎರಡರಷ್ಟು. ಹಾಗಾಗಿ ಎರಡು ಎಳೆ ಟಗರು ಇಟ್ಟು ಹಿಂಡನ್ನು ಎರಡು ಪಾಲು ಮಾಡಿ, ಒಂದೊಂದರಿಂದ ಹದಿನೈದು ಮರಿ ತೆಗೆದು ಸರಾಸರಿ ನೋಡಿದರೆ ಯಾವುದು ಉಳಿಯಬೇಕು ಎಂದು ಜಗಳವಿಲ್ಲದೆ ತೀರ್ಮಾನ ಆಗುತ್ತದೆ. ಪಾಲು ಮಾಡುವಾಗ ಒಳ್ಳೆ ಕುರಿಗಳೆಲ್ಲ ಒಂದೇ ಕಡೆ ಹೋಗದಂತೆ ನೋಡಿಕೊಳ್ಳಿ.

ಅವಳಿ ಮರಿಯ ದೊಡ್ಡ ಕತೆ

ಪುಸ್ತಕ ಇಟ್ಟವರಿಂದ ಏನಾಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಬೂರೂಲ ಕುರಿಯ ಕತೆ ಒಳ್ಳೆ ಉದಾಹರಣೆ. ಅಲ್ಲಿನ ಒಬ್ಬ ಅಣ್ಣತಮ್ಮಂದಿರ ಫಾರಂನಲ್ಲಿ ಎರಡು ಮೂರು ಮರಿ ಈಯುವ ಮೆರಿನೋ ಕುರಿಗಳನ್ನೇ ಆರಿಸಿ ಉಳಿಸುತ್ತ ಬಂದಿದ್ದರು. 1958ರಲ್ಲಿ, ಒಂದೇ ಈದದಲ್ಲಿ ಹುಟ್ಟಿದ ಐದು ಮರಿಗಳಲ್ಲಿ ಒಂದಾದ ಟಗರನ್ನು ಸರ್ಕಾರಿ ಸಂಶೋಧನಾ ಸಂಸ್ಥೆಗೆ ಕೊಟ್ಟರು. ಅಲ್ಲಿ ಮುಂದುವರಿದ ಲೆಕ್ಕದಿಂದ 1980ರ ದಶಕದ ಹೊತ್ತಿಗೆ ಇದು ಹಲವು ಸಣ್ಣ ಗುಣಗಳ ಮೊತ್ತವಲ್ಲ, ಒಂದೇ ದೊಡ್ಡ ಜೀನಿನ ಕೆಲಸ ಎಂದು ಗೊತ್ತಾಯಿತು. 2001ರಲ್ಲಿ ಆ ಜೀನನ್ನೇ ಹಿಡಿದರು.

ಆ ಗುಣ ಆಸ್ಟ್ರೇಲಿಯಾಕ್ಕೆ ಹೋದದ್ದು ನಮ್ಮ ದೇಶದಿಂದಲೇ. 1792–93ರಲ್ಲಿ ಬಂಗಾಳದಿಂದ ಹಡಗಿನಲ್ಲಿ ಹೋದ ಕುರಿಗಳಿಂದ ಅದು ಬಂತು ಎನ್ನುತ್ತಾರೆ. ಇಂದಿಗೂ ಪಶ್ಚಿಮ ಬಂಗಾಳದ ಸುಂದರಬನದ ಗರೋಲ್ ಎಂಬ ಗಿಡ್ಡ ಕುರಿಯಲ್ಲಿ ಅದೇ ಜೀನು ಇದೆ. ಮಹಾರಾಷ್ಟ್ರದ ಫಲ್ಟಣದ ನಿಂಬಕರ್ ಕೃಷಿ ಸಂಶೋಧನಾ ಸಂಸ್ಥೆಯವರು 1990ರ ದಶಕದಲ್ಲಿ ಗರೋಲನ್ನು ನಮ್ಮ ಡೆಕ್ಕನಿ ಕುರಿಗೆ ಕೂಡಿಸಿದರು. ಮರಿಗಳನ್ನು ಮತ್ತೆ ಮತ್ತೆ ದೊಡ್ಡ ಮೈಯ ಕುರಿಗಳಿಗೇ ಕೂಡಿಸಿ, ಜೀನು ಇರುವುದನ್ನು ಮಾತ್ರ ಉಳಿಸುತ್ತ ಹೋಗಿ ‘ನಾರಿ ಸುವರ್ಣ’ ಎಂಬ ತಳಿ ಮಾಡಿದರು. ಮೈ ಡೆಕ್ಕನಿಯದು, ಅವಳಿಯ ಗುಣ ಗರೋಲಿನದು. ಪ್ರತಿ ಮರಿಯ ಅಪ್ಪ ಅವ್ವನ ಲೆಕ್ಕ ಇಲ್ಲದಿದ್ದರೆ ಇದು ಆಗುವ ಮಾತಲ್ಲ.

ಈ ಜೀನಿನ ಒಂದು ಪ್ರತಿ ಇರುವ ಟಗರನ್ನು ನಮ್ಮ ಸಾದಾ ಕುರಿಗೆ ಬಿಟ್ಟರೆ ಮಕ್ಕಳಲ್ಲಿ ಸುಮಾರು ಅರ್ಧಕ್ಕೆ ಮಾತ್ರ ಅದು ಬರುತ್ತದೆ. ಎರಡು ಪ್ರತಿ ಇರುವ ಟಗರಾದರೆ ಎಲ್ಲ ಮಕ್ಕಳಿಗೂ ಒಂದೊಂದು ಪ್ರತಿ. ‘ಅವಳಿ ಟಗರು’ ಎಂದು ದುಬಾರಿ ದುಡ್ಡು ಹೇಳುವವರಿದ್ದಾರೆ. ರಕ್ತ ಪರೀಕ್ಷೆಯ ಚೀಟಿಯಲ್ಲಿ ಒಂದೋ ಎರಡೋ ಎಂದು ನೋಡಿ ಕೊಳ್ಳಿ. ಮತ್ತೊಂದು ಎಚ್ಚರಿಕೆ: ಮೇವಿಲ್ಲದ ಮನೆಗೆ ಅವಳಿ ವರವಲ್ಲ. ಗಬ್ಬದ ಕಡೆಯ ತಿಂಗಳು ಮತ್ತು ಈದ ಮೊದಲ ತಿಂಗಳು ಕುರಿಗೆ ಕೈಮೇವು ಕೊಡುವ ಶಕ್ತಿ ಇದ್ದವರಿಗೆ ಮಾತ್ರ ಇದು.

ಸಂಬಂಧ ನೋಡಿ ಸಂಬಂಧ ಬೆಳೆಸಿ

ಒಳ್ಳೆ ಟಗರು ಸಿಕ್ಕಿತೆಂದು ಅದನ್ನೇ ಐದಾರು ವರ್ಷ ಇಟ್ಟರೆ ಅದು ತನ್ನ ಮಗಳನ್ನೇ ಹಾರುತ್ತದೆ. ಆ ಮರಿಯಲ್ಲಿ ರಕ್ತದ ಕಾಲು ಭಾಗ, ಅಂದರೆ ನೂರಕ್ಕೆ 25, ಒಳಸಂಬಂಧದ್ದು. ಅಡಗಿದ್ದ ದೋಷಗಳು ಜೋಡಿಯಾಗಿ ಹೊರಬರುತ್ತವೆ. ಮರಿ ಸಣ್ಣಗೆ ಹುಟ್ಟುತ್ತವೆ, ಬೇಗ ಸಾಯುತ್ತವೆ, ಕುರಿ ಗಬ್ಬ ನಿಲ್ಲುವುದಿಲ್ಲ.

ಒಂದು ಟಗರು, ನಲವತ್ತು ಕುರಿ ಇರುವ ಹಿಂಡು ನಮಗೆ ದೊಡ್ಡದಾಗಿ ಕಾಣುತ್ತದೆ. ತಳಿ ಲೆಕ್ಕದಲ್ಲಿ ಹಾಗಲ್ಲ. ಗಂಡಿನ ಸಂಖ್ಯೆಯನ್ನು ಹೆಣ್ಣಿನ ಸಂಖ್ಯೆಯಿಂದ ಗುಣಿಸಿ, ಮತ್ತೆ 4ರಿಂದ ಗುಣಿಸಿ, ಒಟ್ಟು ಸಂಖ್ಯೆಯಿಂದ ಭಾಗಿಸಬೇಕು. 1 ಸಲ 40, ಅದರ 4 ಪಟ್ಟು 160. ಅದನ್ನು 41ರಿಂದ ಭಾಗಿಸಿದರೆ 4 ಕೂಡ ಪೂರ್ತಿ ಬರುವುದಿಲ್ಲ. ನಲವತ್ತೊಂದು ತಲೆ ಇದ್ದರೂ ರಕ್ತದ ಲೆಕ್ಕದಲ್ಲಿ ನಾಲ್ಕೇ ಕುರಿಯ ಹಿಂಡು! ಎರಡು ಟಗರಾದರೆ 7.6ಕ್ಕೆ ಏರುತ್ತದೆ. ಅದೇ ಲೆಕ್ಕದಲ್ಲಿ ಇನ್ನೂ ನಲವತ್ತು ಹೆಣ್ಣು ಕುರಿ ಕೊಂಡು ತಂದರೂ 4 ದಾಟುವುದಿಲ್ಲ. ಒಂದು ಟಗರಿನ ಬೆಲೆ ಏನೆಂಬುದು ಇದರಲ್ಲಿ ತಿಳಿಯುತ್ತದೆ.

ಬಡವರಿಗೆ ಸುಲಭದ ದಾರಿ ನಾಲ್ಕು ಹಟ್ಟಿ ಸೇರಿ ಸುತ್ತು ಹಾಕುವುದು. ನನ್ನ ಹಿಂಡಿನಲ್ಲಿ ಹುಟ್ಟಿದ ಒಳ್ಳೆ ಟಗರು ನಿಮ್ಮ ಹಟ್ಟಿಗೆ, ನಿಮ್ಮದು ಮೂರನೆಯವರಿಗೆ, ಮೂರನೆಯವರದು ನಾಲ್ಕನೆಯವರಿಗೆ, ನಾಲ್ಕನೆಯವರದು ನನಗೆ. ಎರಡು ವರ್ಷಕ್ಕೊಮ್ಮೆ ಬದಲಿ, ಯಾವಾಗಲೂ ಒಂದೇ ದಿಕ್ಕಿಗೆ. ಆಗ ಯಾವ ಟಗರಿಗೂ ತನ್ನ ಮಗಳು ಸಿಗುವುದಿಲ್ಲ, ಯಾರ ಕೈಯಿಂದಲೂ ದುಡ್ಡು ಹೋಗುವುದಿಲ್ಲ. ಹೊರಗಿನ ಟಗರು ಬಂದಾಗ ಮೂರು ವಾರ ಬೇರೆ ಕಟ್ಟಿ ನೋಡಿ, ಪಿಪಿಆರ್, ಕರುಳುಬೇನೆ ಲಸಿಕೆ ಆಗಿದೆಯೇ ಎಂದು ಕೇಳಿ ಆಮೇಲೆ ಹಿಂಡಿಗೆ ಬಿಡಿ. ಸುತ್ತಿಗೆ ಸೇರುವ ನಾಲ್ವರೂ ಪುಸ್ತಕ ಇಡಬೇಕು. ಒಬ್ಬ ಇಡದಿದ್ದರೂ ಅವನಿಂದ ಮುಂದಿನವನಿಗೆ ಹೋಗುವುದು ಊಹೆಯ ಟಗರು.

ಈ ವರ್ಷವೇ ಶುರು ಮಾಡುವವರಿಗೆ

ಎಲ್ಲವನ್ನೂ ಒಂದೇ ಸಲ ಹಿಡಿಯಲು ಹೋಗಬೇಡಿ. ಮೊದಲ ವರ್ಷ ಎಲ್ಲ ಕುರಿಗೂ ನಂಬರು, ಈದ ತಾರೀಖು, ಒಂಟಿಯೋ ಅವಳಿಯೋ ಇಷ್ಟು ಬರೆಯಿರಿ. ಎರಡನೇ ವರ್ಷ ತಕ್ಕಡಿ ತನ್ನಿ. ಮೂರನೇ ವರ್ಷ ಟಗರಿನ ಲೆಕ್ಕ. ಬರೆಯಲು ಬಾರದವರು ಶಾಲೆಗೆ ಹೋಗುವ ಮಗಳ ಕೈಗೆ ಪುಸ್ತಕ ಕೊಡಿ. ಅವರು ನಮಗಿಂತ ಕಟ್ಟುನಿಟ್ಟು.

ಒಂದನ್ನು ಮಾತ್ರ ಈ ವರ್ಷವೇ ಮಾಡಿ. ಮೇಲಿನ ಎರಡು ಗಂಡು ಮರಿಯ ಕಿವಿಗೆ ಕೆಂಪು ದಾರ ಕಟ್ಟಿ, ಅವು ಮಾರಾಟಕ್ಕಿಲ್ಲ ಎಂದು ಮನೆಮಂದಿಗೆಲ್ಲ ಹೇಳಿಬಿಡಿ. ವ್ಯಾಪಾರಿ ಬಂದ ದಿನ ನೀವು ಹೊಲದಲ್ಲಿದ್ದರೂ ಆ ಎರಡು ದೊಡ್ಡಿಯಲ್ಲೇ ಇರಬೇಕು. ಅವು ಮರಿಯ ಬೆಲೆಯ ಸರಕಲ್ಲ, ಮುಂದಿನ ಹತ್ತು ವರ್ಷದ ಬಿತ್ತನೆ ಬೀಜ.

ಡೆಕ್ಕನಿಯೋ, ಬಳ್ಳಾರಿಯೋ, ಕೆಂಗುರಿಯೋ ಯಾವ ಕುರಿ ಸಾಕಿದವರಾದರೂ ಸರಿ, ಲೆಕ್ಕ ಇಟ್ಟವರು ತಮ್ಮ ಮೂರು ತಿಂಗಳ ಸರಾಸರಿ ತೂಕವನ್ನು ಈ ಪತ್ರಿಕೆಗೆ ಬರೆಯಿರಿ. ನಾಲ್ಕಾರು ಊರಿನ ಅಂಕಿ ಅಕ್ಕಪಕ್ಕ ಬಂದರೆ ಯಾವ ಸೀಮೆಯಲ್ಲಿ ಒಳ್ಳೆ ಟಗರು ಇದೆ ಎಂದು ಎಲ್ಲರಿಗೂ ತಿಳಿಯುತ್ತದೆ.